ಮಣ್ಣಿನ ರೊಕ್ಕ



2018ರ ಶ್ರಾವಣ ಮಾಸ. ಮೂರನೆಯ ಸೋಮವಾರದ ಪುರಾಣ ಪ್ರವಚನ ಮುಗಿದು, ಮಂಗಳಾರತಿಯಾಗಿ, ಶ್ರೀಮಠದ ದಾಸೋಹದಲ್ಲಿ ಪ್ರಸಾದದ ಪಂಕ್ತಿ ಕುಳಿತಿತ್ತು. ದರ್ಶನಕ್ಕೆ ಬಂದವರೆಲ್ಲ ಹೋದ ಮೇಲೆ ಒಬ್ಬ ವೃದ್ಧೆ ಮಾತ್ರ ಕಂಬದ ಮರೆಯಲ್ಲಿ ನಿಂತೇ ಇದ್ದಳು. ಎಪ್ಪತ್ತು ದಾಟಿದ ಜೀವ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಹಣೆಯ ತುಂಬ ವಿಭೂತಿ. ಹತ್ತಿರ ಕರೆದಾಗ ಬಂದು ಪಾದಕ್ಕೆರಗಿ, ಸೀರೆಯ ಸೆರಗಿನ ಗಂಟು ಬಿಚ್ಚಿ, ಒಂದು ಬಟ್ಟೆಯ ಚೀಲವನ್ನು ನಮ್ಮ ಮುಂದಿಟ್ಟಳು.

"ಅಪ್ಪಾರ, ಇದು ನನ್ನ ಮಣ್ಣಿನ ರೊಕ್ಕ ಐತ್ರಿ. ಹನ್ನೆರಡು ಸಾವಿರ ಐತಿ. ಮಠದಾಗ ಇರ್ಲಿ. ನಾ ಸತ್ತ ದಿನ ತಗದು ಕೊಡ್ರಿ."

ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗಿಷ್ಟು ಎಂದು ಉಳಿಸಿದ್ದು, ಕಳೆ ತೆಗೆಯಲು ಹೋದ ಕೂಲಿಯದು, ಎರಡು ಕುರಿಮರಿ ಮಾರಿದ್ದು, ಎಲ್ಲ ಸೇರಿ ಆ ಮೊತ್ತವಾಗಿತ್ತು. ನಾವು ಕೇಳಿದೆವು: "ಯಾಕವ್ವಾ, ನಿನಗೆ ಮಕ್ಕಳಿಲ್ಲೇನು?"

"ಅದಾರ್ರಿ, ಇಬ್ಬರು ಅದಾರ. ಅದಾರಂತನ ಇಡಾಕತ್ತೀನಿ."

ನಾವು ಆ ಹೊತ್ತಿಗೆ, ಪೀಠದ ಮೇಲೆ ಕುಳಿತವರು ಹೇಳಬೇಕಾದ ಮಾತನ್ನೇ ಹೇಳಿದೆವು. ಹುಟ್ಟಿಸಿದ ಶಿವ ಹೊತ್ತೊಯ್ಯುವ ವ್ಯವಸ್ಥೆಯನ್ನೂ ಮಾಡಿರುತ್ತಾನೆ, ಶ್ರಾವಣದಲ್ಲಿ ಇಂಥ ಮಾತು ಆಡಬಾರದು, ಈ ರೊಕ್ಕದಲ್ಲಿ ಹಾಲು ಹಣ್ಣು ತಿಂದು ಇನ್ನೂ ಹತ್ತು ವರ್ಷ ಇರು ಎಂದೆವು. ಆಕೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ಶಿವ ಒಯ್ತಾನ್ರಿ ಅಪ್ಪಾರ. ಸಾಲ ಮಾತ್ರ ಮಕ್ಕಳ ಮ್ಯಾಲ ಬಿಟ್ಟು ಹೋಗ್ತಾನ. ನಮ್ಮ ಮನಿಯವರು ಹೋದಾಗ ಮಾಡಿದ್ದ ಸಾಲಕ್ಕ ಎರಡು ಎಕರೆ ಹೊಲ ಹೋತು."

ನಮಗೆ ಉತ್ತರ ತೋಚಲಿಲ್ಲ. ಆ ದಿನದಿಂದ ಈ ವಿಷಯ ನಮ್ಮ ಮನಸ್ಸನ್ನು ಬಿಟ್ಟಿಲ್ಲ. ಅದಕ್ಕಾಗಿಯೇ ಇಂದು ಈ ಅಂಕಣದಲ್ಲಿ, ಓದುಗರಲ್ಲಿ ಕೆಲವರಿಗೆ ಅಪಶಕುನವೆನಿಸಬಹುದಾದರೂ, ಬದುಕಿರುವಾಗಲೇ ತನ್ನ ಅಂತ್ಯಕ್ರಿಯೆಗೆ ತಾನೇ ಏರ್ಪಾಡು ಮಾಡಿಟ್ಟುಕೊಳ್ಳುವ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ.

ಮನೆಯಲ್ಲಿ ಹಿರಿಯರು ಸಾವಿನ ಮಾತೆತ್ತಿದರೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುವುದು ನಮ್ಮ ರೂಢಿ. ಅದು ಪ್ರೀತಿಯಿಂದ ಬಂದ ಮಾತೇ ಸರಿ. ಆದರೆ ವೀರಶೈವ ಧರ್ಮದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಮರಣವೆಂಬುದು ಷಟ್‌ಸ್ಥಲಗಳಲ್ಲಿ ಕಡೆಯದಾದ ಐಕ್ಯಸ್ಥಲದ ಹೊಸ್ತಿಲು. ಆದ್ದರಿಂದಲೇ ನಾವು 'ಸತ್ತರು' ಎನ್ನುವುದಿಲ್ಲ, 'ಲಿಂಗೈಕ್ಯರಾದರು' ಎನ್ನುತ್ತೇವೆ. ಲಿಂಗಧಾರಿಗೆ ಸೂತಕವಿಲ್ಲವೆಂದು ನಮ್ಮ ಆಚಾರ್ಯರೂ ಶರಣರೂ ಸಾರಿದ್ದಾರೆ. ಸಾವಿನ ಸೂತಕವೇ ಇಲ್ಲದ ಧರ್ಮದಲ್ಲಿ ಸಾವಿನ ಮಾತಿಗೆ ಸೂತಕ ಎಲ್ಲಿಂದ ಬರಬೇಕು?

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಶರಣರು ನಾಳೆಗೆಂದು ಕೂಡಿಡಬೇಡ ಎಂದವರಲ್ಲವೇ? ಆಯ್ದಕ್ಕಿ ಮಾರಯ್ಯನು ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ಆಶೆಯೆಂದು ಹೇಳಿ ಲಕ್ಕಮ್ಮ ಹಿಂದಿರುಗಿಸಿ ಬರಲು ಕಳುಹಿಸಿದ ಪ್ರಸಂಗ ನಿಮಗೆಲ್ಲ ಗೊತ್ತು. ಪ್ರವಚನಗಳಲ್ಲಿ ನಾವೇ ಎಷ್ಟೋ ಸಲ ಹೇಳಿದ್ದೇವೆ. ಹಾಗಾದರೆ ಈ ಅಜ್ಜಿಯ ಹನ್ನೆರಡು ಸಾವಿರ ಸಂಗ್ರಹವಲ್ಲವೇ ಎಂದು ಶ್ರೀಮಠದ ವಟುವೊಬ್ಬ ನಮ್ಮನ್ನು ಕೇಳಿದ. ಪಾಠಶಾಲೆಯ ಹುಡುಗರು ಇಂಥ ಪ್ರಶ್ನೆ ಕೇಳಬೇಕು, ಅದು ನಮಗೆ ಸಂತೋಷವೇ. ನಾವು ಅವನಿಗೆ ಹೇಳಿದ್ದು ಇಷ್ಟು: ಲಕ್ಕಮ್ಮ ತಾಯಿಗೆ ಕಂಡ ದೋಷ ತನ್ನ ಅಗತ್ಯವನ್ನು ಮೀರಿ ತಂದದ್ದರಲ್ಲಿ ಇತ್ತು. ಈ ತಾಯಿ ಇಟ್ಟದ್ದು ತನ್ನ ಕಾಯಕದ ಹಣ, ತನ್ನ ಭಾರ ಇನ್ನೊಬ್ಬರ ಹೆಗಲ ಮೇಲೆ ಬೀಳದಿರಲೆಂದು ಇಟ್ಟದ್ದು. ಪರರ ಸಾಲದ ಮೇಲೆ ವಿಮಾನ ಏರುವುದಕ್ಕಿಂತ ಇದು ಕಾಯಕಧರ್ಮಕ್ಕೆ ಹತ್ತಿರ.

ಈಗ ಕ್ರಿಯೆಯ ವಿಷಯಕ್ಕೆ ಬರೋಣ. ವೀರಶೈವ ಕ್ರಿಯಾಸಮಾಧಿಗೆ ನಿಜವಾಗಿ ಏನೇನು ಬೇಕು? ದೇಹಕ್ಕೆ ಮಜ್ಜನ ಮಾಡಿಸಲು ನೀರು, ಉಡಿಸಲು ಶುಭ್ರ ವಸ್ತ್ರ, ಧರಿಸಲು ವಿಭೂತಿ. ದೇಹವನ್ನು ಕುಳ್ಳಿರಿಸಿ, ಗುರು ಅಥವಾ ಜಂಗಮಮೂರ್ತಿಗಳು ಬಂದು, ಪಾದವನ್ನು ಶಿರದ ಮೇಲಿರಿಸಿ ಮಾಡುವ ಕ್ರಿಯೆ. ಬಾಳೆಯ ಕಂಬ ಕಟ್ಟಿದ ವಿಮಾನ, ಅದನ್ನು ಹೊರಲು ನಾಲ್ಕು ಭುಜ. ಪಾದದ ಅಳತೆಯ ಲೆಕ್ಕದಲ್ಲಿ ತೆಗೆದ ಸಮಾಧಿ, ಅದರೊಳಗೆ ದೇಹ ಕುಳಿತುಕೊಳ್ಳಲು ಒಂದು ಗೂಡು. ಎಡಗೈಯ ಅಂಗೈಯಲ್ಲಿ, ಹುಟ್ಟಿದಾಗ ಗುರು ಕಟ್ಟಿದ ಅದೇ ಇಷ್ಟಲಿಂಗ. ಮೇಲೆ ವಿಭೂತಿ, ಬಿಲ್ವಪತ್ರೆ. ಬಂದವರೆಲ್ಲ ಹಾಕುವ ಹಿಡಿ ಮಣ್ಣು. ಉದ್ದಕ್ಕೂ ಶಿವಪಂಚಾಕ್ಷರಿ.

ಇದರಲ್ಲಿ ದುಡ್ಡು ಕೊಟ್ಟು ತರಬೇಕಾದದ್ದು ಎಷ್ಟು? ಬಿಲ್ವ ಗುಡಿಯ ಹಿಂದೆ ಇದೆ, ಬಾಳೆ ಯಾರದಾದರೂ ತೋಟದಲ್ಲಿದೆ, ಮಣ್ಣು ಎಲ್ಲೆಡೆ ಇದೆ. ಅಗೆಯುವವರ ಕೂಲಿ, ಬಟ್ಟೆ, ವಿಭೂತಿ, ಹೂವು. ಮುಗಿಯಿತು. ಹಿಂದೆ ಸಾವಿನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಬೀಗರು, ಓಣಿಯವರು ರೊಟ್ಟಿ ಬುತ್ತಿ ತರುತ್ತಿದ್ದರು. ದುಃಖದಲ್ಲಿದ್ದವರಿಗೆ ಊರು ಉಣಿಸುತ್ತಿತ್ತು. ಈಗ ಅನೇಕ ಕಡೆ ದುಃಖದಲ್ಲಿದ್ದವರೇ ಊರಿಗೆ ಉಣಿಸಬೇಕಾಗಿದೆ.

ಭಾರವಾದದ್ದು ಆಮೇಲಿನ ದಿನಗಳು. ಶಿವಗಣಾರಾಧನೆ ಎಂದರೆ ಗುರು ಲಿಂಗ ಜಂಗಮರನ್ನು ನೆನೆದು, ಇದ್ದುದರಲ್ಲಿ ಪ್ರಸಾದ ನೀಡುವುದು. ಅದಕ್ಕೀಗ ಶಾಮಿಯಾನ ಬಂದಿದೆ, ಮೈಕ್ ಸೆಟ್ ಬಂದಿದೆ, ಅಡುಗೆ ಗುತ್ತಿಗೆಯವರು ಬಂದಿದ್ದಾರೆ, ರಸ್ತೆಯ ಬದಿಗೆ ಮೃತರ ಭಾವಚಿತ್ರದ ಜೊತೆಗೆ ನಾಲ್ಕು ಮುಖಂಡರ ಭಾವಚಿತ್ರವಿರುವ ಫ್ಲೆಕ್ಸ್ ಬಂದಿದೆ. ಸಾಲಿನಲ್ಲಿ ನಾವು ಸ್ವಾಮಿಗಳೂ ಬಂದಿದ್ದೇವೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

1998ರ ಮಾತು. ಪೀಠಕ್ಕೆ ಬಂದು ಇನ್ನೂ ಕೆಲವೇ ವರ್ಷಗಳಾಗಿದ್ದವು. ಬೇಸಿಗೆಯ ದಿನ ಹತ್ತಿರದ ಗ್ರಾಮವೊಂದಕ್ಕೆ ಆರಾಧನೆಗೆಂದು ಕರೆದರು. ಮನೆಯ ಮುಂದೆ ದೊಡ್ಡ ಹಂದರ, ಐದು ನೂರು ಎಲೆಯ ಊಟ, ಹೋಳಿಗೆ. ಪಾದಪೂಜೆ ಮಾಡಿ, ತಾಟಿನಲ್ಲಿ 501 ರೂಪಾಯಿ ಕಾಣಿಕೆ ಇಟ್ಟರು. ನಾವು ಸ್ವೀಕರಿಸಿ ಆಶೀರ್ವದಿಸಿ ಬಂದೆವು. ಎಂಥ ಪಿತೃಭಕ್ತಿ ಎಂದು ಆ ಮಗನನ್ನು ಸಭೆಯಲ್ಲಿ ಹೊಗಳಿದೆವು ಕೂಡ. ಮುಂಗಾರು ಬಿದ್ದ ಮೇಲೆ ಆ ಊರಿನ ಹಾದಿಯಲ್ಲಿ ಹೋಗುವಾಗ ಅದೇ ಮಗ ಬಾಡಿಗೆಯ ಎತ್ತಿಗಾಗಿ ಇನ್ನೊಬ್ಬರ ಕಟ್ಟೆಯ ಮೇಲೆ ಕಾಯುತ್ತ ಕುಳಿತದ್ದನ್ನು ಕಂಡೆವು. ವಿಚಾರಿಸಿದಾಗ ತಿಳಿಯಿತು, ತಂದೆ ಸಾಕಿದ್ದ ಜೋಡಿ ಎತ್ತುಗಳು ಆ ಹೋಳಿಗೆಯ ಊಟಕ್ಕೆ ಹೋಗಿದ್ದವು. ಹದ ಹೋಗುತ್ತಿತ್ತು, ಅವನ ಹೊಲ ಬಿತ್ತದೆ ಬಿದ್ದಿತ್ತು. ನಾವು ಹೊಗಳಿದ ಮಾತು ಆ ಊರಿನ ಇನ್ನೆಷ್ಟು ಜನರನ್ನು ಸಾಲದ ಮನೆಗೆ ಕಳುಹಿಸಿತೋ ಶಿವನೇ ಬಲ್ಲ. ಅಂದಿನಿಂದ ಶ್ರೀಮಠದವರು ಸಾವಿನ ಮನೆಯಲ್ಲಿ ಬಿಲ್ವಪತ್ರೆ, ವಿಭೂತಿ ಬಿಟ್ಟು ಬೇರೆ ಕಾಣಿಕೆ ಮುಟ್ಟಕೂಡದೆಂದು ನಿಯಮ ಮಾಡಿದ್ದೇವೆ. ಆ ಎತ್ತು ಮಾತ್ರ ತಿರುಗಿ ಬರಲಿಲ್ಲ.

ಮುಂದಾಲೋಚನೆ ಮಾಡಿದವರು ಎಲ್ಲರೂ ಗೆದ್ದರು ಎಂದೂ ಅಲ್ಲ. ನಮ್ಮ ಶಿಷ್ಯವರ್ಗದ ಹಿರಿಯ ರೈತರೊಬ್ಬರು 2017ರ ಬೇಸಿಗೆಯಲ್ಲಿ ಲಿಂಗೈಕ್ಯರಾದರು. ಮೂರು ದಿನ ಕಳೆದ ಮೇಲೆ, ಜೋಳದ ಚೀಲಗಳ ಹಿಂದಿದ್ದ ತಗಡಿನ ಡಬ್ಬಿಯಲ್ಲಿ ಅರಿವೆ ಸುತ್ತಿದ ಗಂಟೊಂದು ಸಿಕ್ಕಿತು. ಒಳಗೆ ಐನೂರರ ನೋಟುಗಳು, ಜೊತೆಗೆ ಮೊಮ್ಮಗನ ಕೈಯಿಂದ ಎಂದೋ ಬರೆಸಿದ್ದ ಚೀಟಿ: ಇದು ನನ್ನ ಮಣ್ಣಿಗೆ. ಎಲ್ಲವೂ ಹಳೆಯ ನೋಟು! 2016ರ ನವೆಂಬರ್ 8ರ ರಾತ್ರಿ ರದ್ದಾಗಿದ್ದವು, ಬ್ಯಾಂಕಿಗೆ ಕಟ್ಟುವ ಅವಧಿ ಡಿಸೆಂಬರ್ 30ಕ್ಕೆ ಮುಗಿದುಹೋಗಿತ್ತು. ಆ ಐವತ್ತು ದಿನ ಊರೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತಾಗ ಆ ಹಿರಿಯರು ಹಾಸಿಗೆ ಹಿಡಿದಿದ್ದರು. ಮಾತು ನಿಂತಿತ್ತು. ಡಬ್ಬಿಯ ಗುಟ್ಟು ಅವರೊಬ್ಬರಿಗೇ ಗೊತ್ತು. ಮಕ್ಕಳು ಅದಾಗಲೇ ಬಡ್ಡಿಗೆ ತಂದು ಕಾರ್ಯ ಮಾಡಿಯಾಗಿತ್ತು. ಆ ನೋಟಿನ ಕಟ್ಟನ್ನು ಹಿಡಿದು ಹಿರಿಯ ಮಗ ಶ್ರೀಮಠಕ್ಕೆ ಬಂದು ಕುಳಿತು ಅತ್ತದ್ದನ್ನು ನಾವು ಮರೆತಿಲ್ಲ. ಅವನು ಅತ್ತದ್ದು ರೊಕ್ಕಕ್ಕಲ್ಲ. ತಂದೆ ಹೊಟ್ಟೆ ಕಟ್ಟಿ ಕೂಡಿಟ್ಟಿದ್ದು ತನಗೆ ತಿಳಿಯಲಿಲ್ಲವಲ್ಲ ಎಂಬುದಕ್ಕೆ.

ಆದ್ದರಿಂದ ಅಜ್ಜಿಯ ಚೀಲ ನಮ್ಮ ಮುಂದಿದ್ದಾಗ ಆ ತಗಡಿನ ಡಬ್ಬಿಯೇ ಕಣ್ಣಿಗೆ ಕಟ್ಟಿತು. ಹಾಗೆಂದು ಮಠದಲ್ಲಿ ಇಟ್ಟುಕೊಳ್ಳುವುದೂ ನಮಗೆ ಒಪ್ಪಿಗೆಯಾಗಲಿಲ್ಲ. ಭಕ್ತರು ವಿಶ್ವಾಸದಿಂದ ಕೊಡುತ್ತಾರೆ, ನಿಜ. ಆದರೆ ಮಠದ ಕಾರಭಾರಿ ಬದಲಾಗುತ್ತಾನೆ, ಸ್ವಾಮಿಯೂ ಬದಲಾಗುತ್ತಾನೆ. ಕೈಗಡವಾಗಿ ಬಂದ ರೊಕ್ಕ ಜಾತ್ರೆಯ ಖರ್ಚಿನಲ್ಲಿ ಬೆರೆತುಹೋಗಲು ಹೆಚ್ಚು ಹೊತ್ತು ಬೇಡ. ಒಂದು ಕಡೆ ಹೀಗೆ ಆದದ್ದನ್ನು ನಾವು ಬಲ್ಲೆವು, ಹೆಸರು ಬೇಡ.

ಇಂಗ್ಲೆಂಡಿನಲ್ಲಿ ನೌಕರಿ ಮಾಡುವ ನಮ್ಮ ಭಕ್ತರ ಮಗನೊಬ್ಬ ರಜೆಗೆ ಬಂದಾಗ ಈ ವಿಷಯ ಬಂತು. ಆ ದೇಶದಲ್ಲಿ ಬದುಕಿರುವಾಗಲೇ ಕಂಪನಿಗೆ ಹಣ ಕಟ್ಟಿ ತಮ್ಮ ಅಂತ್ಯಕ್ರಿಯೆಯನ್ನು ಕಾಯ್ದಿರಿಸುತ್ತಾರಂತೆ. ಪೆಟ್ಟಿಗೆ ಯಾವುದು, ವಾಹನ ಯಾವುದು ಎಂಬುದೂ ಮೊದಲೇ ನಿಶ್ಚಯ. ಕೇಳಲು ಚೆನ್ನ. ಆದರೆ 2022ರಲ್ಲಿ ಅಂಥದೊಂದು ಕಂಪನಿ ಮುಳುಗಿ, ಹತ್ತಾರು ಸಾವಿರ ಜನ ಕಟ್ಟಿದ್ದ ಹಣ ಅತಂತ್ರವಾಯಿತು. ಅದೇ ವರ್ಷ ಜುಲೈ 29ರಿಂದ ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರವು ಈ ವ್ಯವಹಾರವನ್ನು ತನ್ನ ಹಿಡಿತಕ್ಕೆ ತಂದಿತು. ಇನ್ನೊಬ್ಬರ ಕೈಗೆ ಕೊಟ್ಟ ಹಣ ಅಲ್ಲಿಯೂ ಅಷ್ಟೇ, ಇಲ್ಲಿಯೂ ಅಷ್ಟೇ. ನಮ್ಮ ನಗರಗಳಲ್ಲಿಯೂ ಶವಪೆಟ್ಟಿಗೆ, ವಾಹನ, ಪೂಜೆ ಎಲ್ಲವನ್ನೂ ಒಟ್ಟಿಗೆ ಒದಗಿಸುವವರು ಹುಟ್ಟಿಕೊಂಡಿದ್ದಾರೆ. ಹಳ್ಳಿಯ ಭಕ್ತರು ಯಾರಾದರೂ ಬಂದು ಮುಂಗಡ ಕೇಳಿದರೆ ಕೊಡುವ ಮುನ್ನ ಹತ್ತು ಸಲ ಯೋಚಿಸಬೇಕು.

ಹಾಗಾದರೆ ಎಲ್ಲಿ ಇಡಬೇಕು? ನಿಮ್ಮದೇ ಹೆಸರಿನಲ್ಲಿ, ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಡಿ. ಆದರೆ ಇಲ್ಲೊಂದು ತೊಡಕಿದೆ, ಬಹಳ ಜನರಿಗೆ ಅದು ತಿಳಿದಿಲ್ಲ. ಒಬ್ಬರದೇ ಹೆಸರಿನ ಖಾತೆಯಾದರೆ, ಅವರು ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ತಂದು, ನಾಮನಿರ್ದೇಶಿತರು ಅರ್ಜಿ ಕೊಟ್ಟು ಹಣ ಪಡೆಯಲು ದಿನಗಳು ಹಿಡಿಯುತ್ತವೆ. ಅಗೆಯುವವನ ಕೂಲಿಯನ್ನು ಅದೇ ದಿನ ಕೊಡಬೇಕು. ಆದ್ದರಿಂದ ನಂಬಿಗಸ್ಥ ಒಬ್ಬರನ್ನು ಸೇರಿಸಿ ಜಂಟಿ ಖಾತೆ ಮಾಡುವುದು, ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು ಹಣ ತೆಗೆಯಬಹುದು ಎಂದು ಬರೆಸುವುದು ಒಳ್ಳೆಯದು. ಆ ಒಬ್ಬರನ್ನು ಆರಿಸುವುದರಲ್ಲಿಯೇ ಜಾಣತನವಿರುವುದು, ಏಕೆಂದರೆ ಅವರು ನಾಳೆಯೇ ಹೋಗಿ ತೆಗೆದರೂ ಬ್ಯಾಂಕಿನವರು ತಡೆಯುವುದಿಲ್ಲ. ಇನ್ನು ನಾಮನಿರ್ದೇಶಿತನು ಹಣವನ್ನು ಪಡೆಯುವವನೇ ಹೊರತು, ಅಷ್ಟರಿಂದಲೇ ಅದರ ಒಡೆಯನಾಗುವುದಿಲ್ಲ. ಉಳಿದ ವಾರಸುದಾರರ ಪಾಲು ಹಾಗೆಯೇ ಇರುತ್ತದೆ. ಕಾರ್ಯಕ್ಕೆಂದು ಇಟ್ಟದ್ದನ್ನು ಕಾರ್ಯಕ್ಕೆ ಎಂದು ಕಾಗದದಲ್ಲಿ ಬರೆದಿಟ್ಟರೆ ಅಣ್ಣತಮ್ಮಂದಿರ ವಾದ ತಪ್ಪುತ್ತದೆ. ಮರಣದ ನೋಂದಣಿಯನ್ನು 1969ರ ಕಾಯ್ದೆಯಂತೆ 21 ದಿನಗಳೊಳಗೆ ಮಾಡಿಸಬೇಕು. ದುಃಖದಲ್ಲಿ ಮರೆತು ವರ್ಷವಾದ ಮೇಲೆ ಅಲೆಯುವವರನ್ನು ಬಹಳ ಕಂಡಿದ್ದೇವೆ.

ನಾವು ಕಾರಭಾರಿಯನ್ನು ಜೊತೆಗೆ ಕೊಟ್ಟು ಅಜ್ಜಿಯನ್ನು ಬ್ಯಾಂಕಿಗೆ ಕಳುಹಿಸಿದೆವು. ಯಾರ ಹೆಸರು ಸೇರಿಸುವೆ ಎಂದು ಕೇಳಿದಾಗ ಆಕೆ ಇಬ್ಬರು ಮಕ್ಕಳಲ್ಲಿ ಒಬ್ಬನ ಹೆಸರನ್ನೂ ಹೇಳಲಿಲ್ಲ. ಹಿರಿಯ ಸೊಸೆಯ ಹೆಸರು ಹೇಳಿದಳು. "ಮಗ ಚಲೋನ ಅದಾನ್ರಿ, ಸಂಜಿತನಕ" ಎಂದಳು. ಕಾರಭಾರಿ ಬಂದು ಈ ಮಾತು ಹೇಳಿದಾಗ ನಾವು ನಕ್ಕೆವು. ಆಮೇಲೆ ಮನಸ್ಸಿಗೆ ಕೆಡುಕೆನಿಸಿತು.

ಹಣದಷ್ಟೇ ಮುಖ್ಯವಾದದ್ದು ಮಾತು. ಏನು ಬೇಕು, ಏನು ಬೇಡ ಎಂಬುದನ್ನು ನಾಲ್ವರ ಮುಂದೆ ಹೇಳಿ, ಕಾಗದದಲ್ಲಿ ಬರೆಸಿಡಬೇಕು. ಒಂದು ಮನೆಯಲ್ಲಿ ತಾಯಿಯನ್ನು ವಿಮಾನದಲ್ಲಿ ಕೂರಿಸಿಯಾಗಿದೆ, ಇಬ್ಬರು ಮಕ್ಕಳು ಆಕೆಯ ಬೆಳ್ಳಿಯ ಕರಡಿಗೆ ಯಾರಿಗೆ ಎಂದು ಅಂಗಳದಲ್ಲಿ ಜಗಳಕ್ಕೆ ನಿಂತಿದ್ದಾರೆ! ಲಿಂಗ ಅಂಗದೊಡನೆ ಹೋಗುತ್ತದೆ, ಬೆಳ್ಳಿ ಉಳಿಯುತ್ತದೆ. ಎರಡು ತೊಲೆ ಬೆಳ್ಳಿಗಾಗಿ ಸಂಜೆಯವರೆಗೆ ಸಮಾಧಿ ತಡವಾಯಿತು. ಇದನ್ನು ತಾಯಿಯೇ ಒಂದು ಮಾತು ಹೇಳಿಟ್ಟಿದ್ದರೆ ಎಂದು ಊರವರೆಲ್ಲ ಅಂದರು. ಕಣ್ಣುದಾನ ಮಾಡುವ ಇಚ್ಛೆಯಿದ್ದರೆ ಅದನ್ನೂ ಹೇಳಿಡಬೇಕು. ಆರು ತಾಸಿನೊಳಗೆ ಆಗಬೇಕಾದ ಕೆಲಸವದು, ಆಗ ಚರ್ಚೆಗೆ ಸಮಯವಿರುವುದಿಲ್ಲ. ಕಣ್ಣು ಕೊಟ್ಟವರ ಕ್ರಿಯಾಸಮಾಧಿಗೆ ಅಡ್ಡಿಯೇನೂ ಇಲ್ಲ.

ಹೇಳಿಡುವುದರಲ್ಲಿ ನಮಗೆ ದೊಡ್ಡ ಮೇಲ್ಪಂಕ್ತಿಗಳಿವೆ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2014ರಲ್ಲಿಯೇ ತಮ್ಮ ಅಂತಿಮ ಇಚ್ಛೆಯನ್ನು ಪತ್ರದಲ್ಲಿ ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿ ಇಡುವ ಬದಲು ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅವರ ಅಪೇಕ್ಷೆ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಸೇರಿದ್ದರು. ಗದ್ದುಗೆ ಬೇಕು ಎನ್ನುವ ಮನಸ್ಸು ಆ ಜನಸಾಗರದಲ್ಲಿ ಎಷ್ಟೋ ಮಂದಿಗೆ ಇದ್ದಿರಬೇಕು. ಆದರೆ ಪತ್ರವಿತ್ತು. ಪತ್ರದಂತೆಯೇ ನಡೆಯಿತು. ಸಮಾಧಿಕ್ರಿಯೆಯ ಸಂಪ್ರದಾಯದಲ್ಲಿ ಬೆಳೆದ ನಮಗೆ ದಹನದ ಮಾತು ಮೊದಲು ಅಳುಕು ತಂದದ್ದುಂಟು. ಆದರೂ ಒಬ್ಬ ಮಹಾತ್ಮರು ತಮ್ಮ ದೇಹದ ಕುರಿತು ಆಡಿದ ಕಡೆಯ ಮಾತನ್ನು ಶಿಷ್ಯರು ಚಾಚೂ ತಪ್ಪದೆ ನಡೆಸಿದ ರೀತಿಗೆ ತಲೆಬಾಗಿದ್ದೇವೆ.

ತುಮಕೂರಿನ ಸಿದ್ಧಗಂಗಾ ಮಠದ ಪೂಜ್ಯ ಶಿವಕುಮಾರ ಸ್ವಾಮಿಗಳು ಇನ್ನೊಂದು ಬಗೆ. ತಮ್ಮ ಗುರುಗಳಾದ ಉದ್ದಾನ ಶಿವಯೋಗಿಗಳ ಗದ್ದುಗೆಯ ಸಮೀಪದಲ್ಲಿ ಅವರ ಸಮಾಧಿಯ ಸ್ಥಳ ಅವರ ಜೀವಿತಾವಧಿಯಲ್ಲಿಯೇ ಸಿದ್ಧವಾಗಿತ್ತು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಿದರು. ತಮ್ಮ ಕಾರಣದಿಂದ ಮಕ್ಕಳು ಹಸಿದಿರಬಾರದೆಂಬುದು ಪೂಜ್ಯರ ಇಚ್ಛೆಯಾಗಿತ್ತು. ಅಂತ್ಯಕ್ರಿಯೆಯ ಏರ್ಪಾಡು ಎಂದರೆ ಕಲ್ಲು ಗಾರೆಯ ಲೆಕ್ಕವಷ್ಟೇ ಎಂದುಕೊಂಡವರು ಈ ಒಂದು ಸೂಚನೆಯನ್ನು ನೆನೆಯಬೇಕು.

ನಮ್ಮ ವಿಷಯ ಕೇಳುವಿರಾದರೆ, ನಾವೂ ಎರಡು ಪುಟ ಬರೆದು ಟ್ರಸ್ಟಿನ ಕಡತದಲ್ಲಿ ಇರಿಸಿದ್ದೇವೆ. ಗುರುಗಳ ಗದ್ದುಗೆಯ ಪಕ್ಕದಲ್ಲಿ ಮಣ್ಣು, ಮೇಲೆ ಒಂದು ಬಿಲ್ವದ ಗಿಡ. ಇಷ್ಟಾದರೂ ಕಳೆದ ವರ್ಷ ಭಕ್ತರಿಬ್ಬರು ಟೇಪು ಹಿಡಿದು ಅಲ್ಲಿ ಅಮೃತಶಿಲೆಗೆ ಅಳತೆ ಹಾಕುತ್ತಿದ್ದುದನ್ನು ನಾವೇ ಕಿಟಕಿಯಿಂದ ಕಂಡೆವು. ಕಂಡೂ ಕಾಣದವರಂತೆ ಇದ್ದೆವು. ಬರೆದಿಟ್ಟದ್ದನ್ನು ಇನ್ನೊಮ್ಮೆ ಓದಿ ಹೇಳಬೇಕಾಗಿದೆ.

ಇನ್ನು ಜಾಗದ ಮಾತು. ಪಟ್ಟಣದವರಿಗೆ ರುದ್ರಭೂಮಿಯಿದೆ. ಹಳ್ಳಿಗಳಲ್ಲಿ ನಮ್ಮವರು ಬಹುಮಟ್ಟಿಗೆ ತಮ್ಮ ತಮ್ಮ ಹೊಲದಲ್ಲಿಯೇ ಸಮಾಧಿ ಮಾಡುತ್ತ ಬಂದವರು. ಬದುವಿನ ಪಕ್ಕದಲ್ಲಿ ತಾತನ ಗದ್ದುಗೆ, ಅದರ ಪಕ್ಕದಲ್ಲಿ ತಂದೆಯದು. ಹೊಲ ಕೈಬಿಟ್ಟರೆ ಗದ್ದುಗೆಯೂ ಕೈಬಿಟ್ಟಂತೆ. ಕೊಂಡವನು ಒಳ್ಳೆಯವನಾದರೆ ಉಳಿಸುತ್ತಾನೆ, ಇಲ್ಲವಾದರೆ ಒಂದು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹಾಯ್ದುಹೋಗುತ್ತದೆ. ಹೊಲವಿಲ್ಲದವರ ಪಾಡಂತೂ ಹೇಳತೀರದು. ಸ್ಮಶಾನ ಭೂಮಿಯಿಲ್ಲದ ಗ್ರಾಮಗಳಿಗೆ ಜಾಗ ಒದಗಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಕ್ಕೆ ಆದೇಶಿಸಿತ್ತು. ನಿಮ್ಮ ಊರಿನಲ್ಲಿ ಜಾಗ ಗೊತ್ತಾಗಿದೆಯೇ ಎಂಬುದನ್ನು ಹಿರಿಯರು ಈಗಲೇ ಗ್ರಾಮ ಪಂಚಾಯಿತಿಯಲ್ಲಿ ಕೇಳಬೇಕು. ಹೆಣವನ್ನು ಮುಂದಿಟ್ಟುಕೊಂಡು ಕೇಳುವ ಪ್ರಶ್ನೆ ಅದಲ್ಲ.

ಅಜ್ಜಿಯ ಗಂಡನ ಗದ್ದುಗೆ, ಸಾಲಕ್ಕೆ ಹೋದ ಆ ಎರಡು ಎಕರೆಯಲ್ಲಿಯೇ ಇತ್ತು. ತನ್ನನ್ನೂ ಅಲ್ಲಿಯೇ ಇಡಬೇಕೆಂಬುದು ಆಕೆಯ ಒಂದೇ ಆಸೆ. ಬ್ಯಾಂಕಿನ ಕೆಲಸ ಮುಗಿದ ವಾರದಲ್ಲಿಯೇ ಆಕೆ ಒಬ್ಬಳೇ ಕೋಲೂರಿಕೊಂಡು ಆ ಹೊಲದ ಈಗಿನ ಯಜಮಾನನ ಮನೆಗೆ ಹೋದಳಂತೆ. ಕೊಂಡವರಲ್ಲಿ ಬೇಡುವುದು ಸುಲಭವಲ್ಲ. ಹಳೆಯ ಸಾಲ, ಹಳೆಯ ಮಾತು ಎಷ್ಟೋ ಇರುತ್ತವೆ. "ನಮ್ಮ ಮನಿಯವರ ಬಾಜೂಕ ಹತ್ತು ಫೂಟು ಜಾಗಾ ಕೊಡಪಾ, ಬೆಲಿ ಏನಾಗ್ತದ ಹೇಳು" ಎಂದು ಕೇಳಿದಳು. ಆತ ಬೆಲೆ ಹೇಳಲಿಲ್ಲ. "ಆತಾಳ ಯವ್ವಾ" ಎಂದಷ್ಟೇ ಅಂದ. ಕಾಗದ ಪತ್ರವೇನೂ ಆಗಲಿಲ್ಲ. ನಮಗೆ ಅದು ಕೊರತೆಯಾಗಿ ಕಂಡಿತು. ಮಾತಿನ ಮೇಲೆ ಬಿಡಬೇಡ, ಇಬ್ಬರ ಸಹಿ ಹಾಕಿಸು ಎಂದು ನಾವು ಹೇಳಿದರೂ ಆಕೆ ಕೇಳಲಿಲ್ಲ.

ನಡುವೆ ಕೊರೋನಾ ಬಂತು. 2020, 2021ರಲ್ಲಿ ಎಷ್ಟೋ ಮನೆಗಳಲ್ಲಿ ಎಷ್ಟು ಏರ್ಪಾಡು ಮಾಡಿಟ್ಟವರಿಗೂ ಹಿಡಿ ಮಣ್ಣು ಹಾಕುವ ಮಕ್ಕಳು ಹತ್ತಿರ ಬರಲಾಗಲಿಲ್ಲ. ಆ ದಿನಗಳ ಮಾತು ಇಲ್ಲಿ ಬೇಡ. ಅಜ್ಜಿ ಮಾತ್ರ ಉಳಿದಳು. ಪ್ರತಿ ಶ್ರಾವಣದಲ್ಲಿಯೂ ಬಂದು ಪಾಸ್‌ಬುಕ್ ತೋರಿಸಿ ಹೋಗುತ್ತಿದ್ದಳು. ಹದಿನೆಂಟು ಸಾವಿರದವರೆಗೆ ಏರಿತ್ತು.

2024ರ ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಬೆಳಗಿನ ಜಾವ ಆಕೆ ಲಿಂಗೈಕ್ಯಳಾದಳು. ಕಿರಿಯ ಮಗ ಗೋವೆಯಿಂದ ಬರುವಷ್ಟರಲ್ಲಿ ಸೊಸೆ ಬ್ಯಾಂಕಿಗೆ ಹೋಗಿ ಬಂದಿದ್ದಳು. ಯಾರ ಬಾಗಿಲಿಗೂ ಹೋಗಲಿಲ್ಲ. ಓಣಿಯ ಹುಡುಗರು ವಿಮಾನ ಕಟ್ಟಿದರು, ಊರಿನದೇ ಭಜನಾ ಮೇಳದವರು ಬಂದರು. ಬ್ಯಾಂಡು ಬೇಡವೆಂದು ಆಕೆ ಮೊದಲೇ ಹೇಳಿದ್ದಳು.

ಆರಾಧನೆಯ ದಿನ ಮಾತು ಬಂತು. ಅನ್ನ, ಸಾರು, ಗೋಧಿ ಹುಗ್ಗಿ, ಇಷ್ಟೇ ಮಾಡಬೇಕೆಂದು ಆಕೆ ಬರೆಸಿದ್ದಳು. ಕುಟುಂಬದ ಹಿರಿಯರೊಬ್ಬರು ಹೋಳಿಗೆಯಾಗದಿದ್ದರೆ ಮನೆತನದ ಮರ್ಯಾದೆ ಹೋಯಿತೆಂದರು. ಬೇಕಾದರೆ ತಾವೇ ಸಾಲ ಕೊಡಿಸುವುದಾಗಿ ಹೇಳಿದರು. ಸೊಸೆ ಬಾಗಿಲಲ್ಲಿ ನಿಂತು "ಅತ್ತಿ ಹೇಳ್ಯಾರ್ರಿ" ಎಂದಳೇ ವಿನಾ ಇನ್ನೊಂದು ಮಾತು ಆಡಲಿಲ್ಲ. ವಿವಾದ ಶ್ರೀಮಠಕ್ಕೆ ಬಂತು. ನಾವು ಖುದ್ದಾಗಿ ಹೋಗಿ ಪಂಕ್ತಿಯಲ್ಲಿ ಕುಳಿತು ಅದೇ ಹುಗ್ಗಿಯನ್ನು ಪ್ರಸಾದವಾಗಿ ಸ್ವೀಕರಿಸಿದೆವು. ಆ ಹಿರಿಯರು ಊಟ ಮಾಡದೆ ಎದ್ದು ಹೋದರು. ಇಂದಿಗೂ ಅವರು ಮಠದ ಕಡೆ ಬಂದಿಲ್ಲ. ಅವರ ಮನಸ್ಸು ನೋಯಿಸಿದ್ದು ನಮಗೆ ಸಂಕಟವೇ. ಹೋಳಿಗೆಯಾಗದ್ದಕ್ಕೆ ಅಲ್ಲ.

ಎಲ್ಲ ಖರ್ಚು ಹೋಗಿ 2,300 ರೂಪಾಯಿ ಉಳಿಯಿತು. ಇದಕ್ಕೇನು ಮಾಡಬೇಕೆಂದು ಅತ್ತೆ ಹೇಳಿರಲಿಲ್ಲ. ಸೊಸೆ ಬಂದು ನಮ್ಮನ್ನು ಕೇಳಿದಳು. ಮಣ್ಣಿನ ದಿನ ಹೊಲದಲ್ಲಿ ಹಿಂಗಾರಿ ಜೋಳ ಎದೆಯೆತ್ತರಕ್ಕೆ ನಿಂತಿತ್ತು. ಅಷ್ಟು ಜನ ಬಂದು ಹೋದದ್ದರಲ್ಲಿ ಪೈರು ತುಳಿದಿರಬೇಕು, ಆ ಯಜಮಾನನಿಗೆ ಕೊಡುವುದು ನ್ಯಾಯ ಎಂದೆವು. ಆಕೆ ಒಯ್ದು ಕೊಟ್ಟಳು, ಆತ ಮುಟ್ಟಲಿಲ್ಲ. ಪೈರು ಏನೂ ಹಾಳಾಗಿಲ್ಲ ಎಂದನಂತೆ. ಅದು ಉಪಚಾರದ ಮಾತೆಂದು ನಾವು ತಿಳಿದೆವು.

ಒಂದು ಸೋಮವಾರ ಆ ಹಾದಿಯಲ್ಲಿ ಹೋಗುವಾಗ ಇಳಿದು ಹೊಲಕ್ಕೆ ಹೋಗಿ ನೋಡಿದೆವು. ಗಂಡನ ಗದ್ದುಗೆಯ ಪಕ್ಕದಲ್ಲಿ ಹೊಸ ಮಣ್ಣು. ಅದರ ಸುತ್ತ ಹತ್ತು ಹನ್ನೆರಡು ಅಡಿ ಜಾಗದಲ್ಲಿ, ಬದುವಿನಿಂದ ಅಲ್ಲಿಗೆ ಬರುವ ಹಾದಿಯಲ್ಲಿ, ಜೋಳದ ಕೂಳೆಯೇ ಇರಲಿಲ್ಲ. ಬರೀ ಹಳೆಯ ಕರಿಕೆ. ಅಲ್ಲೇ ದನ ಮೇಯಿಸುತ್ತಿದ್ದ ಹುಡುಗನನ್ನು ಕೇಳಿದೆವು. ಅಜ್ಜಿ ಬಂದು ಕೇಳಿಹೋದ ವರ್ಷದಿಂದ ಪ್ರತಿ ಬಿತ್ತನೆಯಲ್ಲಿಯೂ ಯಜಮಾನ ಅಲ್ಲಿಗೆ ಬಂದಾಗ ಕೂರಿಗೆಯನ್ನು ಎತ್ತಿ ದಾಟಿಸಿ, ಆಚೆಯಿಂದ ಮತ್ತೆ ಊರುತ್ತಾನೆ ಎಂದ.